ಶಿರಸಿಯಿಂದ ಸರ್ವರ್‌ಗೆ 168 ಫೈಲು: ಒಂದು ಕೋಲನ್, ಒಂದು ಸ್ಲ್ಯಾಶ್, ಒಂದು ದೀರ್ಘ

ಅಪ್ಪ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟ ತಾಳಮದ್ದಲೆಯ ಕ್ಯಾಸೆಟ್ಟುಗಳು 84. ಎಲ್ಲವೂ 90 ನಿಮಿಷದವು. ಶಿರಸಿ ಹತ್ತಿರದ ಊರಮನೆಯಲ್ಲಿ ಅಣ್ಣ ಎರಡು ಮಳೆಗಾಲ ಕೂತು ಅಷ್ಟನ್ನೂ ಕಂಪ್ಯೂಟರ್‌ಗೆ ಇಳಿಸಿದ್ದಾನೆ. ಪ್ರತಿ ಕ್ಯಾಸೆಟ್‌ಗೆ ಎ ಮಗ್ಗುಲು, ಬಿ ಮಗ್ಗುಲು ಅಂತ ಎರಡೆರಡು ಫೈಲು, ಒಟ್ಟು 168. ವೇವ್ ಆಗಿದ್ದಾಗ 80 ಜಿಬಿ ಇತ್ತು. ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಮಾಡಿದ ಮೇಲೆ 41 ಜಿಬಿಗೆ ಇಳಿಯಿತು. ಇಷ್ಟೂ ಇದ್ದದ್ದು ಅಣ್ಣನ ಹಳೆಯ ಡೆಸ್ಕ್‌ಟಾಪಿನ ಒಂದೇ ಹಾರ್ಡ್‌ಡಿಸ್ಕಿನಲ್ಲಿ. ಕಳೆದ ವರ್ಷ ಸಿಡಿಲಿಗೆ ಪಕ್ಕದ ಮನೆಯ ಟಿವಿ ಹೋದಾಗಿನಿಂದ ನನಗೆ ಅದೇ ಚಿಂತೆ.

ನಾನಿರುವುದು ಮೈಸೂರಿನಲ್ಲಿ. ಕೆಲಸ ಇಷ್ಟೇ: ಅಣ್ಣನ ಯಂತ್ರದಿಂದ ಬಾಡಿಗೆ ಸರ್ವರ್ ಒಂದಕ್ಕೆ ಎಲ್ಲವನ್ನೂ ಕಳಿಸುವುದು, ದಾರಿಯಲ್ಲಿ ಯಾರೂ ಇಣುಕದ ಹಾಗೆ, ಅರ್ಧ ಆದರೆ ಮುಂದುವರಿಸಲು ಬರುವ ಹಾಗೆ. ಒಂದು ವಾರಾಂತ್ಯದ ಕೆಲಸ ಅಂದುಕೊಂಡಿದ್ದೆ. ಹದಿನೈದು ದಿನ ಹಿಡಿಯಿತು. ಅಣ್ಣನಿಗೆ ಕಮ್ಯಾಂಡುಗಳನ್ನೆಲ್ಲ ಫೋನಿನಲ್ಲಿ ಹೇಳಿ ಬರೆಸಿದ್ದು, ಆದ್ದರಿಂದ ಇಲ್ಲೂ ಬಾಯಲ್ಲಿ ಹೇಳಿದ ಹಾಗೇ ಬರೆದಿದ್ದೇನೆ.

ಜೂನ್ 14, 2025, ಶನಿವಾರ: ಲೆಕ್ಕ

ಅಣ್ಣನ ಯಂತ್ರದಲ್ಲಿ ಉಬುಂಟು 20.04 ಲಿನಕ್ಸ್. ಸರ್ವರ್‌ನಲ್ಲಿ ಡೆಬಿಯನ್ 12 (ಅದೂ ಲಿನಕ್ಸೇ), 80 ಜಿಬಿ ಜಾಗ, ತಿಂಗಳಿಗೆ ತೆರಿಗೆ ಸೇರಿ 640 ರೂಪಾಯಿ. ಊರಿನ ಫೈಬರ್‌ನಲ್ಲಿ ಅಪ್‌ಲೋಡ್ ಅಳೆದು ನೋಡಿದರೆ ಸೆಕೆಂಡಿಗೆ 1.1 ಎಮ್‌ಬಿ ಆಸುಪಾಸು. 41 ಜಿಬಿಗೆ ಹತ್ತೂವರೆ ತಾಸು ಬೇಕು. ಕರೆಂಟ್ ಹೋಗದಿದ್ದರೆ. ಜೂನ್ ತಿಂಗಳಲ್ಲಿ ಮಲೆನಾಡಿನಲ್ಲಿ ಕರೆಂಟ್ ಹೋಗದಿದ್ದರೆ!

ಅಣ್ಣನ ಕಡೆಯಿಂದ ನಾನೇ ಎಳೆದುಕೊಳ್ಳುವ ಯೋಚನೆಯೂ ಇತ್ತು. ಆಗಲಿಲ್ಲ. ಊರಿನ ಸಂಪರ್ಕಕ್ಕೆ ಸ್ವಂತ ಐಪಿ ವಿಳಾಸವೇ ಇಲ್ಲ, ಹತ್ತಾರು ಮನೆಗಳು ಒಂದೇ ವಿಳಾಸದ ಹಿಂದೆ ಇವೆ. ಹೊರಗಿನಿಂದ ಬಾಗಿಲು ಬಡಿದರೆ ಯಾರ ಮನೆಯದ್ದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅಣ್ಣನೇ ಹೊರಗೆ ತಳ್ಳಬೇಕು.

ಹಾರ್ಡ್‌ಡಿಸ್ಕ್ ಒಂದನ್ನು ರಾತ್ರಿ ಬಸ್ಸಿಗೆ ಹಾಕಿದ್ದರೆ ಬೆಳಗಾಗುವಷ್ಟರಲ್ಲಿ ಮೈಸೂರಿಗೆ ಬರುತ್ತಿತ್ತು ಅನ್ನುವುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಆ ಮಳೆಯಲ್ಲಿ ಇದ್ದ ಒಂದೇ ಪ್ರತಿಯನ್ನು ಕೈಬಿಡಲು ಅಣ್ಣ ಒಪ್ಪಲಿಲ್ಲ.

ಜೂನ್ 15: ಕೀಲಿ

ದೂರದ ಯಂತ್ರಕ್ಕೆ ಯಾರೂ ಇಣುಕದ ಹಾಗೆ ಸೇರುವ ದಾರಿ ಎಸ್‌ಎಸ್‌ಎಚ್. ಸರ್ವರ್‌ನಲ್ಲಿ ಅದರ ಪಾಸ್‌ವರ್ಡ್ ಲಾಗಿನ್ ಮೊದಲೇ ಮುಚ್ಚಿ, ಕೀಲಿ ಇದ್ದವರಿಗೆ ಮಾತ್ರ ಪ್ರವೇಶ ಇಟ್ಟು, ಪೋರ್ಟನ್ನು, ಅಂದರೆ ಬಡಿಯಬೇಕಾದ ಬಾಗಿಲಿನ ಸಂಖ್ಯೆಯನ್ನು, 22ರಿಂದ 2222ಕ್ಕೆ ಬದಲಾಯಿಸಿದ್ದೆ. ಪೋರ್ಟ್ ಬದಲಿಸಿದರೆ ಭದ್ರತೆ ಏನೂ ಹೆಚ್ಚುವುದಿಲ್ಲ, ಲಾಗ್ ಫೈಲಿನ ಗಲಾಟೆ ಮಾತ್ರ ಕಡಿಮೆಯಾಗುತ್ತದೆ. ಆ ಸಣ್ಣ ನೆಮ್ಮದಿಗೆ ತೆತ್ತ ದಂಡ ಮುಂದೆ ಬರುತ್ತದೆ.

ಅಣ್ಣನಿಗೆ ಹೇಳಿದ್ದು: "ಎಸ್‌ಎಸ್‌ಎಚ್ ಹೈಫನ್ ಕೀಜೆನ್, ಜಾಗ ಬಿಡು, ಹೈಫನ್ ಸಣ್ಣ ಟಿ, ಜಾಗ, ಇಡಿ25519. ಎಂಟರ್." ಕೀಲಿಯನ್ನು ಕಾಯುವ ಗುಟ್ಟಿನ ಮಾತು, ಅಂದರೆ ಪಾಸ್‌ಫ್ರೇಸ್ ಕೇಳಿತು, ಕೊಟ್ಟ. ಎರಡು ಫೈಲು ಹುಟ್ಟಿದವು. ಒಂದರ ಬಾಲದಲ್ಲಿ ಡಾಟ್ ಪಬ್ ಇರುತ್ತದೆ, ಇನ್ನೊಂದಕ್ಕೆ ಬಾಲವಿಲ್ಲ. ಬಾಲವಿದ್ದದ್ದು ಬೀಗದ ಹಾಗೆ, ಸರ್ವರ್‌ಗೆ ಹಾಕಲು ಕೊಡುವುದು. ಬಾಲವಿಲ್ಲದ್ದು ಕೀಲಿ, ಯಾರಿಗೂ ಕೊಡಬಾರದು. "ಅದರಲ್ಲಿ ಇದ್ದದ್ದನ್ನು ವಾಟ್ಸ್‌ಆ್ಯಪ್ ಮಾಡು" ಅಂದೆ. ಯಾವುದರಲ್ಲಿ ಇದ್ದದ್ದು ಅಂತ ಬಿಡಿಸಿ ಹೇಳಲಿಲ್ಲ. ಬಂದದ್ದು "ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ" ಅಂತ ಶುರುವಾಗುವ ಹಲವು ಸಾಲು. ಬೀಗದ ಬದಲು ಮನೆಯ ಕೀಲಿಯನ್ನೇ ಕಳಿಸಿದ ಹಾಗಾಯಿತು.

ತಪ್ಪು ನನ್ನದೇ. ಆ ಜೋಡಿಯನ್ನು ಅಳಿಸಿಸಿ ಹೊಸತು ಮಾಡಿಸಿದೆ. ಪಾಸ್‌ಫ್ರೇಸ್ ಇತ್ತಲ್ಲ, ಪರವಾಗಿಲ್ಲ ಅಂತ ಬಿಡಬಹುದಿತ್ತೇನೋ, ಮನಸ್ಸು ಒಪ್ಪಲಿಲ್ಲ. ಎರಡನೇ ಸಲ ಸರಿಯಾದದ್ದು ಬಂತು: ಒಂದೇ ಸಾಲು, "ಎಸ್‌ಎಸ್‌ಎಚ್ ಹೈಫನ್ ಇಡಿ25519" ಅಂತ ಆರಂಭ. ಒಂದೇ ಸಾಲಿದ್ದರೆ ಕಳಿಸು, ಹಲವು ಸಾಲಿದ್ದರೆ ಕೈ ತೆಗೆ. ಮೊದಲೇ ಹೀಗೆ ಹೇಳಬೇಕಿತ್ತು.

ಅದನ್ನು ಸರ್ವರ್‌ನ ಆಥರೈಸ್ಡ್ ಕೀಸ್ ಫೈಲಿಗೆ, ಅಂದರೆ ಒಳಗೆ ಬಿಡಬೇಕಾದವರ ಪಟ್ಟಿಗೆ ಹಾಕಿದೆ. ಅಣ್ಣ ಪ್ರಯತ್ನಿಸಿದ, ಪರ್ಮಿಷನ್ ಡಿನೈಡ್. ಮತ್ತೆ ಅದೇ. ನಲವತ್ತು ನಿಮಿಷ ಅವನ ಕಡೆಯೇ ತಪ್ಪು ಹುಡುಕಿಸಿದೆ. ಕೊನೆಗೆ ನೋಡಿದರೆ ಆ ಫೈಲನ್ನು ನಾನು ರೂಟ್, ಅಂದರೆ ಯಂತ್ರದ ಯಜಮಾನನ ಖಾತೆಯಲ್ಲಿ ಕೂತು ಮಾಡಿದ್ದೆ, ಅನುಮತಿ 600 (ಒಡೆಯ ಮಾತ್ರ ಓದಿ ಬರೆಯಬಹುದು) ಇಟ್ಟಿದ್ದೆ. ಅಂದರೆ ರೂಟ್ ಬಿಟ್ಟು ಯಾರೂ ಓದುವಂತಿಲ್ಲ. ಅಣ್ಣನ ಖಾತೆಯ ಹೆಸರಿನಲ್ಲಿ ಓದಲು ಹೋದ ಸರ್ವರ್‌ಗೂ ಓದಲಾಗಲಿಲ್ಲ. ಫೈಲಿನ ಒಡೆತನವನ್ನು ಅಣ್ಣನ ಖಾತೆಗೆ ಬದಲಿಸಿದೆ. ಫೋಲ್ಡರ್‌ಗೆ 700, ಫೈಲಿಗೆ 600. ಮರುಕ್ಷಣ ಬಾಗಿಲು ತೆರೆಯಿತು.

ಮೊದಲ ಸಲ ಸೇರುವಾಗ "ಈ ಯಂತ್ರದ ಗುರುತು ಗೊತ್ತಿಲ್ಲ, ಮುಂದುವರಿಸಲೇ" ಅಂತ ಕೇಳುತ್ತದೆ. ಎಲ್ಲರೂ ಯಸ್ ಒತ್ತುತ್ತಾರೆ, ನಾನೂ ವರ್ಷಗಟ್ಟಲೆ ಒತ್ತಿದ್ದೇನೆ. ಈ ಸಲ ಸರ್ವರ್‌ನ ಬೆರಳಚ್ಚನ್ನು ನಾನು ಮೊದಲೇ ಅಣ್ಣನಿಗೆ ಸಂದೇಶದಲ್ಲಿ ಕಳಿಸಿದ್ದೆ. ಯಸ್ ಬದಲು ಅದನ್ನೇ ಅಂಟಿಸಿದರೆ, ತಾಳೆಯಾದರೆ ಮಾತ್ರ ಒಳಗೆ ಬಿಡುತ್ತದೆ. ಓಪನ್‌ಎಸ್‌ಎಸ್‌ಎಚ್ 8.0ರಿಂದ ಈ ಸೌಕರ್ಯ ಇದೆ. ಕಣ್ಣಲ್ಲಿ ಒಂದೊಂದೇ ಅಕ್ಷರ ಹೋಲಿಸುವ ಕಷ್ಟ ತಪ್ಪಿತು.

ಜೂನ್ 16, ಸಂಜೆ: ದೊಡ್ಡ ಪಿ, ಸಣ್ಣ ಪಿ

ಮೊದಲು ಒಂದೇ ಫೈಲು ಕಳಿಸಿ ನೋಡುವ ಅಂತ ಎಸ್‌ಸಿಪಿ, ಎಸ್‌ಎಸ್‌ಎಚ್ ದಾರಿಯಲ್ಲಿ ಫೈಲು ನಕಲು ಮಾಡುವ ಕಮ್ಯಾಂಡು. "ಎಸ್‌ಸಿಪಿ, ಹೈಫನ್ ಪಿ, 2222..." ಅಂದೆ. ಕನೆಕ್ಷನ್ ರಿಫ್ಯೂಸ್ಡ್. ಎಸ್‌ಎಸ್‌ಎಚ್‌ಗೆ ಪೋರ್ಟ್ ಹೇಳುವುದು ಸಣ್ಣ ಪಿ, ಎಸ್‌ಸಿಪಿಗೆ ದೊಡ್ಡ ಪಿ. ಎಸ್‌ಸಿಪಿಯಲ್ಲಿ ಸಣ್ಣ ಪಿ ಅಂದರೆ ಫೈಲಿನ ತಾರೀಕು, ಅನುಮತಿಗಳನ್ನು ಇದ್ದ ಹಾಗೇ ಉಳಿಸು ಅಂತ. ಅದು ನಮ್ಮ 2222 ಅನ್ನು ಕಳಿಸಬೇಕಾದ ಇನ್ನೊಂದು ಫೈಲು ಅಂದುಕೊಂಡು, ಪೋರ್ಟ್ 22ಕ್ಕೇ ಹೋಗಿ ಬಡಿದಿತ್ತು. ಎಸ್‌ಎಸ್‌ಎಚ್‌ಗೆ 22 ಸಿಕ್ಕಿದ್ದು ಫೈಲು ಕಳಿಸುವ ಹಳೆಯ ಎಫ್‌ಟಿಪಿಯ 21, ದೂರದಿಂದ ಲಾಗಿನ್ ಆಗುವ ಹಳೆಯ ಟೆಲ್ನೆಟ್‌ನ 23ರ ನಡುವೆ ಖಾಲಿ ಇತ್ತು ಅನ್ನುವ ಕಾರಣಕ್ಕೆ. 1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್ ಆ ಎರಡರ ಜಾಗವನ್ನೂ ಹಿಡಿಯಲಿ ಅಂತಲೇ ಆ ಸಂಖ್ಯೆ ಕೇಳಿ ಪಡೆದದ್ದು. ಅಷ್ಟು ಅಚ್ಚುಕಟ್ಟಾದ ಜಾಗವನ್ನು ಬಿಟ್ಟು ಬಂದದ್ದಕ್ಕೆ ನನಗೆ ಈ ಶಾಸ್ತಿ.

ಇನ್ನು ಪ್ರತಿ ಸಲ ಇಷ್ಟುದ್ದ ಹೇಳುವುದು ಬೇಡ ಅಂತ ಅಣ್ಣನ ಯಂತ್ರದಲ್ಲಿ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲು ಬರೆಸಿದೆ. ಐದೇ ಸಾಲು ಸಾಕಾಯಿತು: ಹೋಸ್ಟ್ ಹೆಸರು "ತಾಳ", ಅದರ ನಿಜ ವಿಳಾಸ, ಬಳಕೆದಾರನ ಹೆಸರು, ಪೋರ್ಟ್ 2222, ಮತ್ತು 30 ಸೆಕೆಂಡಿಗೊಮ್ಮೆ "ಇದ್ದೀಯಾ" ಅಂತ ಕೇಳುವ ಸರ್ವರ್ ಅಲೈವ್ ಇಂಟರ್ವಲ್. ಈ ಕೆಲಸವನ್ನು ಮೊದಲ ದಿನವೇ ಮಾಡಿದ್ದರೆ ದೊಡ್ಡ ಪಿ ಸಣ್ಣ ಪಿ ಜಗಳವೇ ಇರುತ್ತಿರಲಿಲ್ಲ.

ಈಗ ಕಮ್ಯಾಂಡು ಚಿಕ್ಕದು: ಎಸ್‌ಸಿಪಿ, ಫೈಲು, ತಾಳ. ಅಣ್ಣ ಎಂಟರ್ ಒತ್ತಿದ.

"ಹೋತನಾ?"

"ಹೋತು ಕಾಣ್ತು ತಮಾ. ಎಂತೂ ಹೇಳಿದ್ದಿಲ್ಲೆ."

244 ಎಮ್‌ಬಿ ಫೈಲು ಎರಡೇ ಸೆಕೆಂಡಿನಲ್ಲಿ ಹೋಯಿತೆಂದರೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಇಬ್ಬರಿಗೂ ಖುಷಿ. ಸರ್ವರ್‌ನಲ್ಲಿ ನೋಡಿದರೆ ಏನೂ ಇಲ್ಲ. ಅಣ್ಣನ ಫೋಲ್ಡರಿನಲ್ಲೇ "ತಾಳ" ಅನ್ನುವ ಹೆಸರಿನ ಹೊಸ ಫೈಲು ಕೂತಿತ್ತು. ಹೆಸರಿನ ಕೊನೆಗೆ ಕೋಲನ್ ಇಲ್ಲದಿದ್ದರೆ ಎಸ್‌ಸಿಪಿಗೆ ಅದು ದೂರದ ಯಂತ್ರವಲ್ಲ, ಇಲ್ಲೇ ಇರುವ ಒಂದು ಫೈಲಿನ ಹೆಸರು. ತಕರಾರಿಲ್ಲದೆ ಪಕ್ಕದಲ್ಲೇ ನಕಲು ಮಾಡಿ ಸುಮ್ಮನಾಗುತ್ತದೆ. ನಿಜವಾಗಿ ಹೋಗುತ್ತಿದ್ದರೆ ಶೇಕಡಾವಾರು ಓಡುವುದು ಕಾಣಬೇಕು. ಕಾಣದಿದ್ದರೆ ಹೋಗಿಲ್ಲ ಅಂತಲೇ ತಿಳಿಯಿರಿ.

ಕೋಲನ್ ಹಾಕಿ ಇನ್ನೊಂದು ಫೈಲಿಗೆ ಕೈ ಹಾಕಿದೆವು. ಈಗ ಕೋಲನ್ ಹೆಚ್ಚಾದದ್ದರ ತೊಂದರೆ. ಅಣ್ಣ ಕೆಲವು ಫೈಲುಗಳ ಹೆಸರಿನಲ್ಲಿ ಆಟ ಶುರುವಾದ ಹೊತ್ತನ್ನೂ ಸೇರಿಸಿದ್ದ, "ರಾತ್ರಿ 9:30" ಅಂತ. ಆ 9ರ ತನಕದ ಹೆಸರನ್ನೆಲ್ಲ ಎಸ್‌ಸಿಪಿ ಒಂದು ಯಂತ್ರ ಅಂದುಕೊಂಡು ಅದರ ವಿಳಾಸ ಹುಡುಕಲು ಹೊರಟಿತು. ಹೆಸರಿನ ಮೊದಲಿಗೆ ಚುಕ್ಕೆ, ಸ್ಲ್ಯಾಶ್ ಹಾಕಿದರೆ ಇದು ಇಲ್ಲಿಯ ಫೈಲು ಅಂತ ಅದಕ್ಕೆ ಗೊತ್ತಾಗುತ್ತದೆ. ಅಂಥವು 11 ಇದ್ದವು. ಅಣ್ಣ ಕೋಲನ್ ತೆಗೆದು ಹೈಫನ್ ಹಾಕಿದ.

ಜೂನ್ 16 ರಾತ್ರಿ, 17 ಬೆಳಗ್ಗೆ: ಅರ್ಧ ದಾರಿ

ರಾತ್ರಿ 10ಕ್ಕೆ ಎಸ್‌ಸಿಪಿ ಹೈಫನ್ ಆರ್, ಇಡೀ ಫೋಲ್ಡರ್. ಅಣ್ಣ ಮಲಗಿದ. 3 ಗಂಟೆ 10 ನಿಮಿಷಕ್ಕೆ ಕರೆಂಟ್ ಹೋಯಿತು. ಡೆಸ್ಕ್‌ಟಾಪಿಗೆ ಯುಪಿಎಸ್ ಇತ್ತು, ಇಪ್ಪತ್ತು ನಿಮಿಷ ತಡೆದುಕೊಳ್ಳುತ್ತದೆ. ಫೈಬರ್‌ನ ಡಬ್ಬಿಗೆ ಇರಲಿಲ್ಲ. ಯುಪಿಎಸ್‌ಗೆ ಕಂಪ್ಯೂಟರ್ ಸಿಕ್ಕಿಸಿ, ಇಂಟರ್ನೆಟ್ ಡಬ್ಬಿಯನ್ನು ಗೋಡೆಗೆ ಸಿಕ್ಕಿಸಿದರೆ ಏನು ಪ್ರಯೋಜನ ಅಂತ ಯಾರೂ ಯೋಚಿಸಿರಲಿಲ್ಲ.

ಬೆಳಗ್ಗೆ ಎಣಿಸಿದರೆ ಸರ್ವರ್‌ನಲ್ಲಿ 84 ಫೈಲು. ಸರಿಯಾಗಿ ಅರ್ಧ, ಎಷ್ಟು ಚೆಂದ ಅಂದುಕೊಂಡೆ. ಆದರೆ 84ನೆಯದು 251 ಎಮ್‌ಬಿ ಇರಬೇಕಾದಲ್ಲಿ 112 ಎಮ್‌ಬಿ ಮಾತ್ರ ಇತ್ತು. ಈ ಇಡೀ ಕೆಲಸದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದು. ಅರ್ಧ ಬಂದ ಫೈಲಿಗೂ ಪೂರ್ತಿ ಹೆಸರೇ ಇರುತ್ತದೆ. ಪಟ್ಟಿ ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಯಾವತ್ತೋ ಕೇಳಲು ಕೂತಾಗ ಅರ್ಥಧಾರಿಯ ಮಾತು ನಡುವೆ ನಿಂತಾಗಲೇ ಗೊತ್ತಾಗುವುದು. ಎಸ್‌ಸಿಪಿಗೆ ನಿಂತಲ್ಲಿಂದ ಮುಂದುವರಿಸಲು ಬರುವುದಿಲ್ಲ, ಮತ್ತೆ ಶುರು ಮಾಡಿದರೆ ಒಂದನೇ ಫೈಲಿನಿಂದಲೇ. ಒಂದೆರಡು ಫೈಲಿಗೆ ಅದು ಸಾಕು. 168ಕ್ಕೆ ಅದನ್ನು ಹಿಡಿದದ್ದು ನನ್ನ ಸೋಮಾರಿತನ.

ಅಂದೇ ಪೇಟೆಯಿಂದ 12 ವೋಲ್ಟಿನ ಪುಟ್ಟ ಯುಪಿಎಸ್ ತರಿಸಿದೆವು. 1,350 ರೂಪಾಯಿ.

ಜೂನ್ 17, ಸಂಜೆ: ಆರ್‌ಸಿಂಕ್, ಮತ್ತು ಸ್ಲ್ಯಾಶ್

ಆರ್‌ಸಿಂಕ್ ಎರಡೂ ಕಡೆ ಹೋಲಿಸಿ, ಅಲ್ಲಿ ಇಲ್ಲದ್ದನ್ನು ಮಾತ್ರ ಕಳಿಸುತ್ತದೆ. ಕಮ್ಯಾಂಡು: ಆರ್‌ಸಿಂಕ್, ಹೈಫನ್ ಎ ವಿ, ಹೈಫನ್ ಹೈಫನ್ ಪಾರ್ಷಿಯಲ್ ಹೈಫನ್ ಡಿರ್ ಈಕ್ವಲ್ಸ್ ಡಾಟ್ ಅರ್ಧ, ಆಮೇಲೆ ಇಲ್ಲಿಯ ಫೋಲ್ಡರ್, ಆಮೇಲೆ ತಾಳ ಕೋಲನ್ ಅಲ್ಲಿಯ ಫೋಲ್ಡರ್. ನಡುವಿನ ಆ ಉದ್ದದ್ದು ಯಾಕೆಂದರೆ, ಅರ್ಧ ಬಂದ ತುಂಡುಗಳನ್ನು "ಅರ್ಧ" ಎಂಬ ಗುಪ್ತ ಫೋಲ್ಡರಿನಲ್ಲಿ ಬೇರೆ ಇಡುತ್ತದೆ, ಪೂರ್ತಿಯಾದ ಮೇಲೇ ನಿಜ ಹೆಸರಿನ ಜಾಗಕ್ಕೆ ತರುತ್ತದೆ. ಇದರ ಬದಲು ದೊಡ್ಡ ಪಿ (ಆರ್‌ಸಿಂಕ್‌ನಲ್ಲಿ ಅದು ಪೋರ್ಟ್ ಅಲ್ಲ) ಒಂದನ್ನೇ ಹಾಕುವ ರೂಢಿ ಇದೆ. ಆದರೆ ಅದರಲ್ಲಿ ತುಂಡುಗಳು ನಿಜ ಹೆಸರಿನಲ್ಲೇ ಉಳಿಯುತ್ತವೆ, ಅಂದರೆ ಮತ್ತೆ 84ನೇ ಫೈಲಿನ ಕಥೆ.

ಶುರುವಾಯಿತು. ಒಂದನೇ ಫೈಲು, ಎರಡನೇ ಫೈಲು... ಹೋದದ್ದನ್ನೇ ಯಾಕೆ ಮತ್ತೆ ಕಳಿಸುತ್ತಿದೆ? ಅರ್ಧ ತಾಸು ಮಿಕ್ಕಿ, 9 ಫೈಲು, 2.2 ಜಿಬಿ ಹೋದ ಮೇಲೆ ಸರ್ವರ್‌ನಲ್ಲಿ ನೋಡಿದೆ. ಕ್ಯಾಸೆಟ್ ಫೋಲ್ಡರಿನ ಒಳಗೆ ಇನ್ನೊಂದು ಕ್ಯಾಸೆಟ್ ಫೋಲ್ಡರ್. ಇಲ್ಲಿಯ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಇದ್ದರೆ "ಇದರೊಳಗಿನದ್ದನ್ನು ಕಳಿಸು", ಇಲ್ಲದಿದ್ದರೆ "ಫೋಲ್ಡರ್ ಸಮೇತ ಕಳಿಸು". ಇದು ನನಗೆ ಗೊತ್ತು. ಗೊತ್ತಿದ್ದೂ ಫೋನಿನಲ್ಲಿ ಹೇಳುವಾಗ ಬಿಟ್ಟೆ. ಅದಕ್ಕೇ ಹೈಫನ್ ಎನ್ ಹಾಕಿ ಮೊದಲು ಸುಳ್ಳು ಓಟ ಓಡಿಸಬೇಕು. ಏನೇನು ಕಳಿಸುತ್ತೇನೆ ಅಂತ ಪಟ್ಟಿ ಕೊಡುತ್ತದೆ, ಕಳಿಸುವುದಿಲ್ಲ. ಇದರ ತಿರುಗುಮುರುಗು ತಪ್ಪಿಗೆ, ಅಂದರೆ ಬೇಡದ ಕಡೆ ಸ್ಲ್ಯಾಶ್ ಹಾಕಿದ್ದಕ್ಕೆ, ಡಿಲೀಟ್ ಆಯ್ಕೆ ಜತೆಯಾದರೆ ಸರ್ವರ್‌ನಲ್ಲಿದ್ದದ್ದು ಅಳಿಸಿ ಹೋಗಬಹುದು. ಆ ಆಯ್ಕೆಯನ್ನು ಅಣ್ಣನಿಗೆ ಹೇಳಿಕೊಟ್ಟೇ ಇಲ್ಲ, ಕೊಡುವುದೂ ಇಲ್ಲ.

ಒಳಗಿನ ಫೋಲ್ಡರ್ ಅಳಿಸಿ, ಸ್ಲ್ಯಾಶ್ ಹಾಕಿ ಮತ್ತೆ. ಈ ಸಲವೂ ಒಂದನೇ ಫೈಲಿನಿಂದಲೇ ಶುರು! ಕಾರಣ ಬೇರೆ. ಆರ್‌ಸಿಂಕ್ ನೋಡುವುದು ಫೈಲಿನ ಗಾತ್ರ ಮತ್ತು ತಾರೀಕು. ಹಿಂದಿನ ರಾತ್ರಿ ಎಸ್‌ಸಿಪಿಯಲ್ಲಿ ಹೋದವಕ್ಕೆಲ್ಲ ಸರ್ವರ್‌ಗೆ ಬಂದ ಹೊತ್ತೇ ತಾರೀಕಾಗಿ ಬಿದ್ದಿತ್ತು. ಎಸ್‌ಸಿಪಿಗೆ ಸಣ್ಣ ಪಿ ಹಾಕಿದ್ದರೆ ಹಳೆಯ ತಾರೀಕು ಉಳಿಯುತ್ತಿತ್ತು. ಬೇಡದಾಗ ಹಾಕಿ ಬೈಸಿಕೊಂಡ ಅದೇ ಸಣ್ಣ ಪಿ, ಬೇಕಾದಾಗ ಬಿಟ್ಟೆವು. ಪುಣ್ಯಕ್ಕೆ ಆರ್‌ಸಿಂಕ್ ಎರಡೂ ಕಡೆ ಓದಿ ಹೋಲಿಸಿ, ಒಂದೇ ಇದ್ದರೆ ಮತ್ತೆ ಕಳಿಸದೆ ತಾರೀಕು ತಿದ್ದಿ ಮುಂದೆ ಹೋಗುತ್ತದೆ. 83 ಫೈಲಿಗೆ 25 ನಿಮಿಷ. 84ನೆಯದರ ಉಳಿದ ಅರ್ಧ ಮಾತ್ರ ಹೋಯಿತು.

ಕುಗ್ಗಿಸಿ ಕಳಿಸುವ ಹೈಫನ್ ಜೆಡ್ ಹಾಕಲಿಲ್ಲ. ಫ್ಲ್ಯಾಕ್ ಮೊದಲೇ ಕುಗ್ಗಿದ್ದು, ಹಿಂಡಿದ ನಿಂಬೆಯನ್ನು ಮತ್ತೆ ಹಿಂಡಿದ ಹಾಗೆ.

ಜೂನ್ 18, 19: ತಾನಾಗಿ ಓಡುವಂತೆ

ಹಗಲು ಅಣ್ಣನ ಮಗಳ ಆನ್‌ಲೈನ್ ತರಗತಿ. ಮೊದಲ ದಿನ "ಅಪ್ಪಾ, ಎಲ್ಲ ನಿಂತು ನಿಂತು ಬರ್ತು" ಅಂತ ದೂರು ಬಂತು. ಕಳಿಸುವ ವೇಗಕ್ಕೆ ಮಿತಿ ಹಾಕುವ ಬಿಡಬ್ಲ್ಯೂ ಲಿಮಿಟ್ 600 ಹಾಕಿದೆ, ಸೆಕೆಂಡಿಗೆ 600 ಕೆಬಿ. ದೂರು ನಿಂತಿತು.

ಕರೆಂಟ್ ಹೋಗಿ ಬಂದರೆ ತಾನೇ ಮುಂದುವರಿಯಬೇಕು. ಯಂತ್ರ ಎದ್ದ ಕೂಡಲೇ ಓಡುವಂತೆ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ರೀಬೂಟ್ ಸಾಲು ಹಾಕಿಸಿದೆ, ಆರ್‌ಸಿಂಕ್ ಸೋತರೆ ಒಂದು ನಿಮಿಷ ಕಾದು ಮತ್ತೆ ಪ್ರಯತ್ನಿಸುವ ಸಣ್ಣ ಸ್ಕ್ರಿಪ್ಟ್ ಜತೆಗೆ. ಮೊದಲ ಸಲ ಓಡಲಿಲ್ಲ. ಕೀಲಿಗೆ ಪಾಸ್‌ಫ್ರೇಸ್ ಇದೆ, ನಡುರಾತ್ರಿ ಅದನ್ನು ಹೇಳುವವರು ಯಾರು? ಪಾಸ್‌ಫ್ರೇಸ್ ತೆಗೆದುಬಿಡುವ ಆಸೆಯಾಯಿತು. ಬದಲಿಗೆ ಈ ಕೆಲಸಕ್ಕೆಂದೇ ಪಾಸ್‌ಫ್ರೇಸ್ ಇಲ್ಲದ ಎರಡನೇ ಕೀಲಿ ಮಾಡಿಸಿದೆ. ಸರ್ವರ್‌ನ ಆಥರೈಸ್ಡ್ ಕೀಸ್‌ನಲ್ಲಿ ಆ ಕೀಲಿಯ ಸಾಲಿನ ಮುಂದೆ ಕಡಿವಾಣ: ರಿಸ್ಟ್ರಿಕ್ಟ್ ಎಂಬ ಪದ, ಮತ್ತು ಆರ್‌ಆರ್‌ಸಿಂಕ್ ಎಂಬ ಸ್ಕ್ರಿಪ್ಟನ್ನು ಮಾತ್ರ ಓಡಿಸುವ ಅಪ್ಪಣೆ, ಹೈಫನ್ ಡಬ್ಲ್ಯೂ ಒ ಆಯ್ಕೆ ಸಮೇತ. ಆ ಕೀಲಿ ಯಾರ ಕೈಗೆ ಸಿಕ್ಕರೂ ಒಂದೇ ಫೋಲ್ಡರಿಗೆ ಬರೆಯಬಹುದು, ಓದಲು ಆಗದು, ಲಾಗಿನ್ ಅಂತೂ ಇಲ್ಲವೇ ಇಲ್ಲ. ಆರ್‌ಆರ್‌ಸಿಂಕ್ ಆರ್‌ಸಿಂಕ್ ಜತೆಗೇ ಬರುತ್ತದೆ. ಒಂದು ಎಡವಟ್ಟು: ಅದರಲ್ಲಿ ಫೋಲ್ಡರ್ ಮೊದಲೇ ನಿಗದಿಯಾಗಿರುವುದರಿಂದ, ಕಳಿಸುವವನು ಕೋಲನ್ ಆದ ಮೇಲೆ ಪೂರ್ತಿ ದಾರಿ ಕೊಡಬಾರದು. ಕೊಟ್ಟೆವು. ಫೋಲ್ಡರೊಳಗೆ ಫೋಲ್ಡರ್, ಮತ್ತೊಮ್ಮೆ.

ಎರಡು ದಿನದಲ್ಲಿ ಕರೆಂಟ್ ಏಳು ಸಲ ಹೋಯಿತು. 19ರ ರಾತ್ರಿ 168 ಫೈಲು ಮುಗಿದವು.

ಜೂನ್ 20: ತಾಳೆ

ಅಣ್ಣನ ಕಡೆ, ಪ್ರತಿ ಫೈಲಿನ ಬೆರಳಚ್ಚು ತೆಗೆಯುವ ಎಸ್‌ಎಚ್‌ಎ256ಸಮ್ ಓಡಿಸಿ ಪಟ್ಟಿಯನ್ನು ಫೈಲಿಗೆ ಹಾಕಿಸಿದೆ. ಸರ್ವರ್‌ನಲ್ಲಿ ಅದೇ ಪಟ್ಟಿಯನ್ನು ಹೈಫನ್ ಸಿ ಕೊಟ್ಟು ತಾಳೆ ನೋಡಿದೆ. 167 ಓಕೆ, ಒಂದು ಫೇಲ್ಡ್. ಎದೆ ಧಸಕ್ಕೆಂದಿತು. ಡಿಸ್ಕ್ ಕೆಟ್ಟಿತೇ, ದಾರಿಯಲ್ಲಿ ಹಾಳಾಯಿತೇ ಅಂತ ಒಂದು ತಾಸು ತಲೆ ಕೆರೆದುಕೊಂಡೆ. ಅಣ್ಣನನ್ನು ಕೇಳಿದರೆ, ರಾತ್ರಿ ಕೂತು ಆ ಫೈಲಿನ ಒಳಗೆ ಭಾಗವತರ ಹೆಸರಿನ ಕಾಗುಣಿತ ತಿದ್ದಿದ್ದನಂತೆ. ಮತ್ತೆ ಆರ್‌ಸಿಂಕ್, ಮತ್ತೆ ತಾಳೆ, 168 ಓಕೆ.

ಇಲ್ಲಿಗೆ ಮುಗಿಯಬೇಕಿತ್ತು.

ಜೂನ್ 21: 194

ಮೊದಲ 30 ಕ್ಯಾಸೆಟ್ಟಿನ 60 ಫೈಲುಗಳನ್ನು ಅಣ್ಣ ಕೆಲವು ವರ್ಷದ ಹಿಂದೆಯೇ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ. ನಾನು ನನ್ನ ಹಳೆಯ ಮ್ಯಾಕ್‌ಬುಕ್ಕಿನಲ್ಲಿ ಅವುಗಳ ಗುಂಯ್ ಸದ್ದು ತೆಗೆದು ಸ್ವಚ್ಛ ಮಾಡಿಟ್ಟಿದ್ದೆ. ಹೆಸರು ಬದಲಿಸಿರಲಿಲ್ಲ. ನನ್ನವನ್ನು ಸರ್ವರ್‌ಗೆ ಕಳಿಸಿದರೆ ಹಳೆಯವುಗಳ ಜಾಗದಲ್ಲಿ ಕೂರುತ್ತವೆ, ಒಟ್ಟು 168ಕ್ಕೆ 168ಏ ಇರಬೇಕು. ಆರ್‌ಸಿಂಕ್ ಮಾಡಿ ಎಣಿಸಿದೆ. 194.

ಪಟ್ಟಿ ತೆಗೆದರೆ ಒಂದೇ ಹೆಸರಿನ ಎರಡೆರಡು ಫೈಲು. ಒಂದೇ ಫೋಲ್ಡರಿನಲ್ಲಿ! ಇದು ಆಗದ ಮಾತು. ಅದೂ ಎಲ್ಲಕ್ಕಲ್ಲ. ಕರ್ಣಪರ್ವ ಒಂದೇ ಇದೆ, ಭೀಷ್ಮ ವಿಜಯ ಎರಡು. ಗದಾಪರ್ವ ಒಂದು, ವಾಲಿ ಮೋಕ್ಷ ಎರಡು. ಕೃಷ್ಣ ಸಂಧಾನ, ಸುಧನ್ವಾರ್ಜುನ ಒಂದೊಂದು, ಶರಸೇತು ಎರಡು. ಟರ್ಮಿನಲ್‌ನಲ್ಲಿ ಕನ್ನಡ ಮೊದಲೇ ಒಡೆದೊಡೆದು ಕಾಣುತ್ತದೆ, ಒತ್ತು ಒಂದು ಕಡೆ, ಗುಣಿತ ಇನ್ನೊಂದು ಕಡೆ. ಎರಡೂ ಒಂದೇ ಥರ ಒಡೆದಿದ್ದವು.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಭೀ, ಮೋ, ಸೇ. ದೀರ್ಘ ಇದ್ದದ್ದೆಲ್ಲ ಎರಡಾಗಿದೆ.

ಫೈಲಿನ ಹೆಸರನ್ನು ಬೈಟುಗಳಾಗಿ ಬಿಡಿಸಿ ನೋಡಿದೆ. "ಭೀಷ್ಮ" ಒಂದರಲ್ಲಿ 15 ಬೈಟು, ಇನ್ನೊಂದರಲ್ಲಿ 18. ಯೂನಿಕೋಡಿನಲ್ಲಿ "ೀ" ಅನ್ನುವುದನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಅಥವಾ ಗುಡಿಸು ಒಂದು, ದೀರ್ಘದ ಚಿಹ್ನೆ ಒಂದು ಅಂತ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ. ನನ್ನ ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಯಾವ ಹೆಸರು ಕೊಟ್ಟರೂ ಬಿಡಿಸಿ ಇಟ್ಟುಕೊಳ್ಳುತ್ತದೆ. ಅಣ್ಣನ ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ಲಿನಕ್ಸ್ ಸರ್ವರ್‌ಗೆ ಅವು ಎರಡು ಬೇರೆ ಬೇರೆ ಹೆಸರು. ದೀರ್ಘ ಮಾತ್ರ ಅಂದುಕೊಂಡಿದ್ದೆ, ಪಟ್ಟಿಯಲ್ಲಿ ಮೈರಾವಣ ಕಾಳಗವೂ ಎರಡಿತ್ತು, ಐತ್ವವೂ ಬಿಡಿಸಿಕೊಳ್ಳುತ್ತದೆ. "ಕೊ" ಅನ್ನುವುದರ ಒತ್ವವೂ ಹಾಗೇ. ಆದರೆ ಕಾ, ಕು, ಕೂ, ಕೃ ಒಡೆಯುವುದಿಲ್ಲ. ಶಾಲೆಯಲ್ಲಿ ಕಾಗುಣಿತ ತಪ್ಪಿದ್ದಕ್ಕೆ ತಿಂದ ಪೆಟ್ಟಿಗಿಂತ ಇದು ಜೋರಾಗಿತ್ತು.

ಜೂನ್ 22: ತಿದ್ದಲು ಹೋಗಿ

26 ಫೈಲು ಹೆಚ್ಚಿದ್ದವು, ಅವನ್ನು ತೆಗೆಯಬೇಕು. ಸರ್ವರ್‌ಗೆ ಲಾಗಿನ್ ಆಗಿ ಆರ್‌ಎಂ, ಹೆಸರು ಟೈಪ್ ಮಾಡಿದೆ, ಅಳಿಸಿತು. ಮೂರು ಫೈಲು ಹೀಗೆ ಅಳಿಸಿದ ಮೇಲೆ ನೋಡಿದರೆ ಹೋದದ್ದು ಬೇರೆಯದೇ. ಕೀಲಿಮಣೆಯಲ್ಲಿ ಬರೆದರೆ ಕೂಡಿದ ರೂಪವೇ ಬರುತ್ತದೆ, ಹಾಗಾಗಿ ಅಣ್ಣ ಕಳಿಸಿದವು ಹೋದವು, ಒಡೆದ ಹೆಸರಿನವು ಉಳಿದವು. ಅಣ್ಣನ ಹತ್ತಿರ ಅಸಲು ಇತ್ತು, ಆದ್ದರಿಂದ ನಷ್ಟವಿಲ್ಲ. ಆದರೂ ಟರ್ಮಿನಲ್ ಮುಚ್ಚಿ ಎದ್ದು ಹೋಗಿ ಚಹಾ ಕುಡಿದು ಬಂದೆ.

ಸರಿಯಾದ ದಾರಿ: ಎಲ್ಎಸ್ ಹೈಫನ್ ಐ ಕೊಟ್ಟರೆ ಪ್ರತಿ ಫೈಲಿನ ಮುಂದೆ ಅದರ ಐನೋಡ್ ಸಂಖ್ಯೆ, ಅಂದರೆ ಡಿಸ್ಕು ಆ ಫೈಲಿಗೆ ಕೊಟ್ಟ ಕ್ರಮಸಂಖ್ಯೆ ಬರುತ್ತದೆ. ಹೆಸರನ್ನು ನಂಬದೆ, ಫೈಂಡ್ ಕಮ್ಯಾಂಡಿಗೆ ಐನಮ್ ಅಂತ ಆ ಸಂಖ್ಯೆ ಕೊಟ್ಟು ಅಳಿಸಬಹುದು. 26 ಸಂಖ್ಯೆ, ಒಂದೊಂದೇ.

ಆಮೇಲೆ ಮ್ಯಾಕಿನಿಂದ ಮತ್ತೆ ಕಳಿಸಬೇಕು, ಹೆಸರನ್ನು ದಾರಿಯಲ್ಲೇ ಕೂಡಿಸುತ್ತ. ಆರ್‌ಸಿಂಕ್‌ಗೆ ಅಕ್ಷರಗಳ ರೂಪ ಬದಲಿಸುವ ಐಕಾನ್ವ್ ಆಯ್ಕೆ ಇದೆ: ಈ ಕಡೆ ಯುಟಿಎಫ್ ಹೈಫನ್ 8 ಹೈಫನ್ ಮ್ಯಾಕ್, ಅಲ್ಪವಿರಾಮ, ಆ ಕಡೆ ಯುಟಿಎಫ್ ಹೈಫನ್ 8. ಕೊಟ್ಟೆ. "ಅನ್‌ನೋನ್ ಆಪ್ಷನ್." ಮ್ಯಾಕಿನ ಜತೆ ಬಂದ ಆರ್‌ಸಿಂಕ್ 2.6.9, ಈ ಆಯ್ಕೆ ಬಂದದ್ದು 3.0ರಲ್ಲಿ. ಮ್ಯಾಕ್‌ಪೋರ್ಟ್ಸ್‌ನಿಂದ ಹೊಸ ಆರ್‌ಸಿಂಕ್ ಹಾಕಿದೆ, ಹಳೆಯ ಯಂತ್ರ ಏದುಸಿರು ಬಿಡುತ್ತ ಮುಕ್ಕಾಲು ತಾಸು ತೆಗೆದುಕೊಂಡಿತು. ಈ ಸಲ ಮೊದಲು ಹೈಫನ್ ಎನ್. ಹೊಸ ಹೆಸರು ಒಂದೂ ಇಲ್ಲ, ಆ ಮೂರು ಬಿಟ್ಟು. ಆಮೇಲೆ ನಿಜ ಓಟ. ಎಣಿಸಿದೆ, 168.

ತಾಳೆ ನೋಡುವ ಪಟ್ಟಿಯನ್ನು ಮ್ಯಾಕಿನಲ್ಲಿ ಮಾಡಿ ಕಳಿಸಿದಾಗ ಮತ್ತೆ ಅದೇ 26 ಫೈಲು "ಇಲ್ಲ" ಅಂದವು, ಪಟ್ಟಿಯೊಳಗಿನ ಹೆಸರೂ ಒಡೆದದ್ದಲ್ಲವೇ. ಪಟ್ಟಿಯನ್ನೂ ಐಕಾನ್ವ್‌ನಿಂದ ಹಾಯಿಸಿದೆ. 60 ಓಕೆ.

ಜೂನ್ 28: ಉಳಿದ ಎರಡು

ನನ್ನ ಹತ್ತಿರ ಇನ್ನೊಂದು ಕ್ಯಾಸೆಟ್ ಇತ್ತು, 85ನೆಯದು, ಗದಾಪರ್ವ. ಅದರ ಎರಡು ಮಗ್ಗುಲನ್ನು ನಾನೇ ಇಳಿಸಿದ್ದು. ಹೆಸರಿಗೆ ಅಪ್ಪ ಬರೆದ ಚೀಟಿಯನ್ನೇ ಪೂರ್ತಿ ಹೊಡೆದಿದ್ದೆ: ಪ್ರಸಂಗ, ಊರು, ಭಾಗವತರು, ಮದ್ದಲೆ, ಚಂಡೆ, ಅರ್ಥಧಾರಿಗಳು ಆರು ಜನ. ಮ್ಯಾಕ್ ತಕರಾರು ಮಾಡಿರಲಿಲ್ಲ. ಸರ್ವರ್ "ಫೈಲ್ ನೇಮ್ ಟೂ ಲಾಂಗ್" ಅಂತು, ಆರ್‌ಸಿಂಕ್ ಕೋಡ್ 23 ಕೊಟ್ಟು ನಿಂತಿತು.

ಲಿನಕ್ಸ್ ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಪದ್ಧತಿಯಾದ ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟು ಮಿತಿ. ಇಂಗ್ಲಿಷಿಗೆ ಅದು 255 ಅಕ್ಷರ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, ಹಾಗಾಗಿ 85. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ಷ್ಮ" ಒಂದಕ್ಕೇ ಒಂಬತ್ತು ಬೈಟು. ನಮ್ಮ ಹೆಸರಿನಲ್ಲಿ ಕನ್ನಡದ್ದೇ 118 ಚಿಹ್ನೆ, 354 ಬೈಟು.

ಅಣ್ಣನಿಗೆ ಹೇಳಿದೆ, ಕೆಲವು ಹೆಸರು ಬಿಡಬೇಕು.

"ಯಾರ ಹೆಸರು ಬಿಡವು?"

ನನ್ನ ಬಳಿ ಉತ್ತರ ಇರಲಿಲ್ಲ. ಹಿಮ್ಮೇಳ ಬಿಟ್ಟು ಮುಮ್ಮೇಳ ಇಡುವುದೇ? ಭಾಗವತರ ಹೆಸರು ಬಿಟ್ಟರೆ ಅಪ್ಪ ಇದ್ದಿದ್ದರೆ ಸುಮ್ಮನಿರುತ್ತಿದ್ದನೇ? ಫೈಲಿಗೆ "85-ಗದಾಪರ್ವ-ಎ", "85-ಗದಾಪರ್ವ-ಬಿ" ಅಂತ ಇಟ್ಟು, ಚೀಟಿಯನ್ನು ಪೂರ್ತಿಯಾಗಿ ಒಂದು ಟೆಕ್ಸ್ಟ್ ಫೈಲಿಗೆ ಹಾಕಿದೆ. ಫೈಲಿನ ಒಳಗೆ ಮಿತಿ ಇಲ್ಲವಲ್ಲ.

ಈವರೆಗಿನ ಖರ್ಚು: ಸರ್ವರ್ 640, ಪುಟ್ಟ ಯುಪಿಎಸ್ 1,350, ಒಟ್ಟು 1,990 ರೂಪಾಯಿ. ಫೋನಿನಲ್ಲಿ ಕಳೆದ ತಾಸುಗಳ ಲೆಕ್ಕ ಇಟ್ಟಿಲ್ಲ.

ಕ್ಯಾಸೆಟ್ ನನ್ನಲ್ಲಿದ್ದರೂ ಅದರ ಡಬ್ಬಿ, ಒಳಗಿನ ಚೀಟಿ ಸಮೇತ, ಊರಲ್ಲಿತ್ತು. ರಾತ್ರಿ ಎಣಿಸಿದಾಗ 171 ಇರಬೇಕಾದಲ್ಲಿ 172 ಇದ್ದವು. ಮತ್ತೆ ಯಾವ ದೀರ್ಘ ಒಡೆಯಿತಪ್ಪ ಅಂತ ಪಟ್ಟಿ ತೆಗೆದೆ. ಕೊನೆಯಲ್ಲಿ ಒಂದು ಫೋಟೊ, ಅಪ್ಪನ ಕೈಬರಹದ ಆ ಚೀಟಿಯದ್ದು. ಅಣ್ಣ ನನಗೆ ಫೋನ್ ಮಾಡದೆ ತಾನೇ ಎಸ್‌ಸಿಪಿ ಮಾಡಿದ್ದ, ಸಣ್ಣ ಪಿ ಹಾಕಿ. ತಾರೀಕು ಚೀಟಿಯ ಫೋಟೊ ತೆಗೆದ ದಿನದ್ದೇ ಉಳಿದಿತ್ತು.